ರಾಜ್ಯಶಾಸ್ತ್ರ ಎಂ.ಎ.: ಮೈಸೂರಾ, ದೆಹಲಿಯಾ, ಮನೆಯಿಂದಲೇನಾ?

ಪ್ರತಿ ವರ್ಷ ಬಿ.ಎ. ಕೊನೆಯ ಸೆಮಿಸ್ಟರ್ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಯಾರಾದರೊಬ್ಬರು ಬಂದು ನಿಲ್ಲುತ್ತಾರೆ. "ಸಾರ್, ಪೊಲಿಟಿಕಲ್ ಸೈನ್ಸ್‌ನಲ್ಲೇ ಎಂ.ಎ. ಮಾಡೋಣ ಅಂತಿದೀನಿ. ಎಲ್ಲಿಗೆ ಹಾಕಿದ್ರೆ ಒಳ್ಳೇದು?" ನಾನು ಉತ್ತರ ಹೇಳುವ ಮೊದಲು ತಿರುಗಿ ಕೇಳುತ್ತೇನೆ: "ಪರೀಕ್ಷೆ ಕನ್ನಡದಲ್ಲಿ ಬರೀತೀಯಾ, ಇಂಗ್ಲಿಷಲ್ಲಾ?"

ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದ ಹಾಗೆ ಅವರು ನನ್ನ ಮುಖ ನೋಡುತ್ತಾರೆ. ಆದರೆ ಇಷ್ಟು ವರ್ಷ ಮಕ್ಕಳನ್ನು ಕಳಿಸಿ, ಕೆಲವರು ವಾಪಸ್ ಬಂದದ್ದನ್ನೂ ನೋಡಿದ ಮೇಲೆ ನನಗೆ ಇದೇ ಮೊದಲ ಪ್ರಶ್ನೆ. ಎರಡನೆಯದು, ಮನೆಯಿಂದ ತಿಂಗಳಿಗೆ ಎಷ್ಟು ಕಳಿಸಬಲ್ಲರು. ಮೂರನೆಯದು, ಎಂ.ಎ. ಮುಗಿದ ಮೇಲೆ ಏನು ಮಾಡುವ ಯೋಚನೆ. ವಿಶ್ವವಿದ್ಯಾಲಯದ ಹೆಸರು ಇವುಗಳ ಹಿಂದೆ ಬರುತ್ತದೆ.

ಕರ್ನಾಟಕದಲ್ಲಿ ಕೂತು ನೋಡಿದರೆ ಮುಖ್ಯವಾಗಿ ಮೂರು ದಾರಿ ಕಾಣುತ್ತವೆ. ಮೈಸೂರು, ಧಾರವಾಡ, ಬೆಂಗಳೂರು, ಶಂಕರಘಟ್ಟ (ಕುವೆಂಪು), ಕೊಣಾಜೆ (ಮಂಗಳೂರು), ಕಲಬುರಗಿಯಂಥ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಒಂದು. ಸಿಯುಇಟಿ ಪಿಜಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆದು ಹೋಗುವ ಕೇಂದ್ರೀಯ ವಿಶ್ವವಿದ್ಯಾಲಯಗಳು ಇನ್ನೊಂದು. ಮನೆಯಲ್ಲಿದ್ದೇ ಓದುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ (ಕೆಎಸ್‌ಒಯು), ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಮೂರನೆಯದು. ಪಕ್ಕದಲ್ಲೇ ಪಬ್ಲಿಕ್ ಪಾಲಿಸಿ, ಅಂದರೆ ಸರ್ಕಾರದ ನೀತಿಗಳನ್ನು ಓದುವ ಒಂದು ಕವಲುದಾರಿಯೂ ಇದೆ. ಅದರ ಮಾತು ಆಮೇಲೆ.

ಭಾಷೆಯ ಗೆರೆ

ಸಿಯುಇಟಿ ಪಿಜಿಯ ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಇಗ್ನೋದ ಪಾಠಗಳೂ ಇಂಗ್ಲಿಷ್, ಹಿಂದಿಯಲ್ಲೇ. ಎಂ.ಎ. ಆದಮೇಲೆ ಕಾಲೇಜು ಅಧ್ಯಾಪಕರಾಗಲು ದೇಶಮಟ್ಟದಲ್ಲಿ ಬರೆಯುವ ಯುಜಿಸಿ ನೆಟ್ ಕೂಡ ಅಷ್ಟೇ. ಈಕಡೆ ನೋಡಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರದ ಎಂ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕೆಎಸ್‌ಒಯುನಲ್ಲೂ ಬರೆಯಬಹುದು. ನೆಟ್‌ನಂಥದ್ದೇ ರಾಜ್ಯಮಟ್ಟದ ಪರೀಕ್ಷೆಯಾದ ಕೆ-ಸೆಟ್‌ನ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಅಂದರೆ ಪ್ರವೇಶದ ಅರ್ಜಿಯಿಂದ ಹಿಡಿದು ಕೆಲಸದ ಬಾಗಿಲಿನವರೆಗೆ ಒಂದು ಗೆರೆ ಎಳೆದಂತೆ ಇದೆ. ಯಾವ ಕಡೆ ನಿಂತಿದ್ದೀರಿ ಅನ್ನುವುದು ಅರ್ಜಿ ಹಾಕುವ ದಿನವೇ ಗೊತ್ತಿರಬೇಕು.

ಗೆರೆ ದಾಟಲಾಗದು ಅಂತಲ್ಲ. ನಾನೇ ದಾಟಿದವನು. ಆದರೆ ಸುಮ್ನೆ ದಾಟಲಿಲ್ಲ. ಎಂ.ಎ. ಪೂರ್ತಿ ಕನ್ನಡದಲ್ಲಿ ಬರೆದು, ನಾಲ್ಕು ತಿಂಗಳಿಗೆ ಮೊದಲ ಸಲ ನೆಟ್‌ಗೆ ಕೂತೆ. ಇಂಗ್ಲಿಷ್ ಚಿಂತಕ ಹಾಬ್ಸ್ ಮೇಲೆ ಒಂದು ಪ್ರಶ್ನೆ. ಹಾಬ್ಸ್ ನನಗೆ ಬಾಯಿಪಾಠ. ಮನುಷ್ಯ ಸಮಾಜಕ್ಕೆ ಬರುವ ಮುಂಚಿನ ಆ 'ನೈಸರ್ಗಿಕ ಸ್ಥಿತಿ', ಎಲ್ಲರೂ ಎಲ್ಲರ ಮೇಲೆ ಬಿದ್ದು ಹೊಡೆದಾಡುವ ಸ್ಥಿತಿ, ಅದರ ಮೇಲೆ ಹತ್ತು ಅಂಕದ ಉತ್ತರ ಎಷ್ಟು ಸಲ ಬರೆದಿದ್ದೆನೋ. ಪತ್ರಿಕೆಯಲ್ಲಿ 'ಸ್ಟೇಟ್ ಆಫ್ ನೇಚರ್' ಅಂತಿತ್ತು. ನಾನು ಅದನ್ನು 'ರಾಜ್ಯದ ಸ್ವರೂಪ' ಅಂತ ಓದಿಕೊಂಡೆ! ಹೊರಗೆ ಬಂದು ಗೆಳೆಯನ ಜೊತೆ ಟೀ ಕುಡಿಯುವಾಗ ತಪ್ಪು ಗೊತ್ತಾಯಿತು. ವಿಷಯ ಗೊತ್ತಿಲ್ಲದೆ ಹೋದ ಅಂಕಕ್ಕಿಂತ ಇಂಥ ಅಂಕ ಹೋದಾಗ ಜಾಸ್ತಿ ಹೊಟ್ಟೆ ಉರಿಯುತ್ತದೆ.

ಕನ್ನಡದ ಒಳಗೂ ತೊಡಕು ಉಂಟು. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ 'ರಾಜ್ಯ' ಅಂದರೆ ಸಿದ್ಧಾಂತದಲ್ಲಿ ಬರುವ ಸ್ಟೇಟ್. ಭಾರತದ ಒಕ್ಕೂಟದ ಪಾಠಕ್ಕೆ ಬಂದರೆ ಅದೇ 'ರಾಜ್ಯ' ಅಂದರೆ ಕರ್ನಾಟಕ, ಕೇರಳ. 'ರಾಜ್ಯದ ಅಧಿಕಾರ ಮಿತಿಗೊಳಿಸಬೇಕು' ಅಂತ ವಾಕ್ಯ ಬಂದರೆ ಯಾವ ರಾಜ್ಯ? ಈಗ ಬರೆಯುವವರು ಮೊದಲನೆಯದಕ್ಕೆ 'ಪ್ರಭುತ್ವ' ಅನ್ನುತ್ತಾರೆ. ಸಾವರಿನ್‌ಟಿ ಅನ್ನುವ ಪದಕ್ಕೆ ಒಂದು ಪುಸ್ತಕದಲ್ಲಿ 'ಸಾರ್ವಭೌಮತ್ವ', ಇನ್ನೊಂದರಲ್ಲಿ 'ಪರಮಾಧಿಕಾರ'. ಹಾಗಾಗಿ ಕನ್ನಡದಲ್ಲಿ ಓದುವವರಿಗೆ ನಾನು ಹೇಳುವುದು ಇಷ್ಟು: ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನದ್ದು. ಮೊದಲ ಸೆಮಿಸ್ಟರ್‌ನಿಂದಲೇ. ನಾನು ಇದನ್ನು ನೆಟ್ ಫೇಲಾದ ಮೇಲೆ ಶುರು ಮಾಡಿದೆ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು

1916ರ ಮೈಸೂರು ವಿಶ್ವವಿದ್ಯಾಲಯ ಎಲ್ಲಕ್ಕಿಂತ ಹಳೆಯದು. ಅದರ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು, ಬೆಂಗಳೂರಿನದ್ದು 1964ರದ್ದು. 1980ರಲ್ಲಿ ಮಂಗಳೂರು, ಗುಲ್ಬರ್ಗ, 1987ರಲ್ಲಿ ಕುವೆಂಪು, ಆಮೇಲೆ ತುಮಕೂರು, ದಾವಣಗೆರೆ, ಬೆಳಗಾವಿಯ ರಾಣಿ ಚನ್ನಮ್ಮ ಹೀಗೆ ಪಟ್ಟಿ ಬೆಳೆಯಿತು. ಹೆಣ್ಣುಮಕ್ಕಳಿಗೇ ಅಂತ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಎಷ್ಟೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಈಗ ಎಂ.ಎ. ನಡೆಸುತ್ತವೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರುತ್ತದೆ.

ಸಾಮಾನ್ಯವಾಗಿ ಇಲ್ಲಿ ಸೀಟು ಸಿಗಬೇಕಾದರೆ ಡಿಗ್ರಿಯಲ್ಲಿ ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿರಬೇಕು. ಬಿ.ಕಾಂ. ಮುಗಿಸಿ ರಾಜಕೀಯದ ಮೇಲೆ ಪ್ರೀತಿ ಬಂದವರಿಗೆ ಈ ಬಾಗಿಲು ಕಿರಿದು. ಅಂಥವರಿಗೆ ಕೆಳಗೆ ಹೇಳುವ ಇಗ್ನೋ ವಾಸಿ.

ಅರ್ಜಿ ಕರೆಯುವುದು ಡಿಗ್ರಿ ಫಲಿತಾಂಶ ಬಂದ ಮೇಲೆ. ಫಲಿತಾಂಶ ಯಾವಾಗ ಬರುತ್ತದೆ ಅನ್ನುವುದು ದೇವರಿಗೇ ಗೊತ್ತು. ನನ್ನ ಕಾಲದಲ್ಲಿ ಕೊನೆಯ ಸೆಮಿಸ್ಟರ್ ಅಂಕಪಟ್ಟಿ ಎಷ್ಟು ತಡವಾಯಿತೆಂದರೆ, ಹೊರರಾಜ್ಯದಲ್ಲಿ ನನಗೆ ಸಿಕ್ಕಿದ್ದ ಒಂದು ಸೀಟು ಹಾಗೇ ಕೈಬಿಟ್ಟು ಹೋಯಿತು. ಪರೀಕ್ಷಾಂಗ ವಿಭಾಗದ ಕಿಟಕಿಯ ಮುಂದೆ ಮೂರು ದಿನ ನಿಂತಿದ್ದೆ. "ನಾಳೆ ಬಾ" ಅನ್ನುವ ಮಾತು ಬಿಟ್ಟರೆ ಬೇರೆ ಏನೂ ಸಿಗಲಿಲ್ಲ. ಹಾಗಂತ ಇವತ್ತಿನ ಮಕ್ಕಳು ಹೆದರಬೇಕಿಲ್ಲ. ಅಂಕಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಅರ್ಜಿಯೂ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್ ಮೂಲಕ ನಡೆಯುತ್ತದೆ. ಆದರೂ ಪ್ರಿನ್ಸಿಪಾಲರ ಸಹಿ ಇರುವ ಒಂದು ಪತ್ರ, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಟಿ.ಸಿ., ಇವನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ.

ಇಲ್ಲಿನ ದೊಡ್ಡ ಅನುಕೂಲ ಖರ್ಚು. ಸರ್ಕಾರಿ ಸೀಟಿನ ಶುಲ್ಕ ತೀರಾ ಹೊರೆಯಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಅರ್ಹರಿಗೆ ವಿದ್ಯಾರ್ಥಿವೇತನ ಬರುತ್ತದೆ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಲೆಕ್ಕವೇ ಬದಲಾಗಿದೆ. ದಿನಾ ಐವತ್ತು ಕಿಲೋಮೀಟರ್ ದೂರದಿಂದ ಸರ್ಕಾರಿ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿನಿಯರನ್ನು ನಾನು ಬಲ್ಲೆ. ಮೊದಲಾದರೆ ಬಸ್ ಪಾಸಿನ ದುಡ್ಡಿಗೇ ಮನೆಯಲ್ಲಿ ಮಾತು ಬರುತ್ತಿತ್ತು. ಒಂದು ಮಾತು ನೆನಪಿರಲಿ: ಎಂ.ಎ.ಗೆ ಸೇರಿದರೆ ಯುವನಿಧಿಯ 3000 ರೂಪಾಯಿ ಸಿಗುವುದಿಲ್ಲ. ಮುಂದೆ ಓದುತ್ತಿರುವವರಿಗೆ ಅದು ಇಲ್ಲ.

ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಸಂವಿಧಾನದ 371ಜೆ ವಿಧಿಯ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯ ಪ್ರಮಾಣಪತ್ರ ಮಾಡಿಸದೆ ಅರ್ಜಿ ಹಾಕಲೇಬೇಡಿ. ಆ ಭಾಗದ ವಿಶ್ವವಿದ್ಯಾಲಯಗಳಲ್ಲಿ 70% ಸೀಟು ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆ 8%. ರಾಜ್ಯಶಾಸ್ತ್ರ ಓದಲು ಹೊರಟವರೇ ಸಂವಿಧಾನ ಕೊಟ್ಟ ಈ ಹಕ್ಕನ್ನು ಮರೆತು ಸಾಮಾನ್ಯ ಪಟ್ಟಿಯಲ್ಲಿ ಹೆಸರು ಹುಡುಕುತ್ತಾ ನಿಂತರೆ ಏನು ಹೇಳೋದು!

ಪಾಠದ ವಿಷಯಕ್ಕೆ ಬಂದರೆ, ಕರ್ನಾಟಕದ ರಾಜಕೀಯವನ್ನು ಇಷ್ಟು ಹತ್ತಿರದಿಂದ ಬೇರೆಲ್ಲೂ ಓದಲು ಆಗುವುದಿಲ್ಲ. ದೇವರಾಜ ಅರಸು ಕಾಲದ ಭೂಸುಧಾರಣೆ, 1975ರಲ್ಲಿ ಬಂದ ಹಿಂದುಳಿದ ವರ್ಗಗಳ ಹಾವನೂರು ಆಯೋಗದ ವರದಿ, ಮಂತ್ರಿಯಾಗಿದ್ದ ನಜೀರ್ ಸಾಬ್ ತಂದ 1983ರ ಪಂಚಾಯತ್ ಕಾಯ್ದೆ, 1987ರ ಜಿಲ್ಲಾ ಪರಿಷತ್ ಚುನಾವಣೆ. ಇವೆಲ್ಲ ಇಲ್ಲಿ ಒಂದೊಂದು ಪಾಠ, ದೆಹಲಿಯ ತರಗತಿಯಲ್ಲಿ ಒಂದೊಂದು ವಾಕ್ಯ. ಮುಂದೆ ಪಿಎಚ್.ಡಿ.ಗೆ ಕರ್ನಾಟಕದ ಮೇಲೇ ಕೆಲಸ ಮಾಡುವ ಆಸೆ ಇದ್ದರೆ ಇದು ಸಣ್ಣ ಲಾಭವಲ್ಲ.

ಕೊರತೆ ಏನು? ಕಾಯಂ ಅಧ್ಯಾಪಕರು ಕಡಿಮೆ. ಅನೇಕ ವಿಭಾಗಗಳು ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುತ್ತಿವೆ. ನಾನೂ ಅವರಲ್ಲಿ ಒಬ್ಬನಾಗಿದ್ದವನು, ಅವರ ಪಾಠ ಕೆಟ್ಟದ್ದು ಅಂತ ಹೇಳುವುದಿಲ್ಲ. ಆದರೆ ಎರಡು ಊರಿನ ಎರಡು ಕಾಲೇಜಿಗೆ ಓಡಾಡುವ ಮೇಷ್ಟ್ರಿಗೆ ನಿಮ್ಮ ಪ್ರಬಂಧ ತಿದ್ದಲು ಹೊತ್ತು ಎಲ್ಲಿಂದ ಬರಬೇಕು? ಆದ್ದರಿಂದ ಸೇರುವ ಮುಂಚೆ ಒಂದು ದಿನ ವಿಭಾಗಕ್ಕೆ ಹೋಗಿ ಬನ್ನಿ. ವೆಬ್‌ಸೈಟ್ ನಂಬಬೇಡಿ. ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ಕಾಯಂ ಮೇಷ್ಟ್ರು ಎಷ್ಟು ಜನ, ಹೋದ ವರ್ಷ ಎಷ್ಟು ಜನ ಕೆ-ಸೆಟ್ ಪಾಸಾದರು, ಗ್ರಂಥಾಲಯ ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಸಾಕು.

ಸಿಯುಇಟಿ ಬರೆದು ಹೊರಗೆ ಹೋಗುವುದು

2022ರಲ್ಲಿ ಶುರುವಾದ ಸಿಯುಇಟಿ ಪಿಜಿಯನ್ನು ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುತ್ತದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು), ದೆಹಲಿ ವಿಶ್ವವಿದ್ಯಾಲಯಗಳೂ ಇದರ ಅಂಕದ ಮೇಲೆಯೇ ಎಂ.ಎ. ಸೀಟು ಕೊಡುತ್ತಿವೆ. ಹೈದರಾಬಾದ್, ಪಾಂಡಿಚೇರಿಯಂಥ ಬೇರೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೂ ಇದೇ ದಾರಿ.

ಪರೀಕ್ಷೆ ಹೀಗಿರುತ್ತದೆ: 75 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 300. 2025ರಿಂದ 90 ನಿಮಿಷ. ತಪ್ಪಿಗೆ ಅಂಕ ಹೋಗುತ್ತೆ ಅಂತ ನಮ್ಮ ಮಕ್ಕಳು ಅನುಮಾನವಿದ್ದ ಪ್ರಶ್ನೆಯನ್ನೆಲ್ಲ ಬಿಟ್ಟು ಬರುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯಲ್ಲಿ ಎರಡು ಖಂಡಿತ ತಪ್ಪು ಅಂತ ಗೊತ್ತಿದೆ, ಉಳಿದ ಎರಡರ ನಡುವೆ ಅನುಮಾನ. ಇಂಥ 10 ಪ್ರಶ್ನೆ ಇವೆ ಅಂದುಕೊಳ್ಳಿ. ಅಂದಾಜಿನ ಮೇಲೆ ಗುರುತಿಸಿದರೆ ಸುಮಾರು 5 ಸರಿ, 5 ತಪ್ಪು. 20ರಲ್ಲಿ 5 ಕಳೆದು 15 ಅಂಕ ಕೈಗೆ. ಬಿಟ್ಟರೆ ಸೊನ್ನೆ. ಏನೂ ಗೊತ್ತಿಲ್ಲದ ಪ್ರಶ್ನೆ ಮಾತ್ರ ಬಿಡಿ.

ಅರ್ಜಿ ಸಾಮಾನ್ಯವಾಗಿ ಡಿಸೆಂಬರ್-ಜನವರಿಯಲ್ಲಿ, ಪರೀಕ್ಷೆ ಮಾರ್ಚ್ ಹೊತ್ತಿಗೆ. ಅಂದರೆ ನೀವಿನ್ನೂ ಕೊನೆಯ ಸೆಮಿಸ್ಟರ್‌ನಲ್ಲಿ ಇರುತ್ತೀರಿ. "ಡಿಗ್ರಿ ಮುಗೀಲಿ, ಆಮೇಲೆ ನೋಡೋಣ" ಅಂದವರಿಗೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಸಿಯುಇಟಿ ಅಂದರೆ ನಮ್ಮ ಸಿಇಟಿ ಇದ್ದ ಹಾಗೆ, ರ‍್ಯಾಂಕ್ ಬಂದ ಮೇಲೆ ಒಂದೇ ಕಡೆ ಕೌನ್ಸೆಲಿಂಗ್ ಆಗುತ್ತೆ ಅಂತ ಬಹಳ ಜನ ತಿಳಿದಿರುತ್ತಾರೆ. ಇಲ್ಲ. ಪರೀಕ್ಷೆ ಮಾತ್ರ ಒಂದೇ. ಆಮೇಲೆ ಒಂದೊಂದು ವಿಶ್ವವಿದ್ಯಾಲಯದ ವೆಬ್‌ಸೈಟಿಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಬೇರೆ ಶುಲ್ಕ ಕಟ್ಟಬೇಕು, ಬೇರೆ ಕೊನೆಯ ದಿನ ನೆನಪಿಡಬೇಕು. ಒಳ್ಳೆಯ ಅಂಕ ತೆಗೆದು, ಫೋನ್ ಬರುತ್ತೆ ಅಂತ ಮನೆಯಲ್ಲಿ ಕಾದು ಕೂತ ಒಬ್ಬ ಹುಡುಗನನ್ನು ನಾನು ನೋಡಿದ್ದೇನೆ. ಪಾಪ, ಜುಲೈ ಮುಗಿಯುವವರೆಗೂ ಕಾದ.

ಪ್ರಮಾಣಪತ್ರದ ವಿಷಯ ಇನ್ನೂ ನಾಜೂಕು. ನಮ್ಮಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ. ಕೇಂದ್ರದಲ್ಲಿ ಇವು ಯಾವುವೂ ಇಲ್ಲ. ಅಲ್ಲಿರುವುದು ಒಬಿಸಿ (ಇತರ ಹಿಂದುಳಿದ ವರ್ಗ), ಅದೂ ಕೆನೆಪದರದಲ್ಲಿ, ಅಂದರೆ ಅನುಕೂಲಸ್ಥರ ಸಾಲಿನಲ್ಲಿ ಇಲ್ಲದವರಿಗೆ ಮಾತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಮೊದಲು ನಿಮ್ಮ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯಾ ನೋಡಿ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು ಅಂತ ಬಾಯಿಬಿಟ್ಟು ಕೇಳಿ. ಇಲ್ಲದಿದ್ದರೆ ಎಂದಿನ ಜಾತಿ-ಆದಾಯ ಪ್ರಮಾಣಪತ್ರವನ್ನೇ ಕೈಗಿಡುತ್ತಾರೆ. ಯಾವ ಮೀಸಲಾತಿಗೂ ಸೇರದೆ ಮನೆಯ ವರಮಾನ 8 ಲಕ್ಷಕ್ಕಿಂತ ಕಡಿಮೆ ಇರುವವರು ಆರ್ಥಿಕವಾಗಿ ಹಿಂದುಳಿದವರ ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಪ್ರಯತ್ನಿಸಬಹುದು. ಅದಕ್ಕೆ ಆಸ್ತಿಯ ಮಿತಿಯೂ ಇದೆ.

ಈಗ ಊರುಗಳ ಮಾತು. ಜೆಎನ್‌ಯುನಲ್ಲಿ ಎರಡು ಬೇರೆ ಎಂ.ಎ.ಗಳಿವೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸಮಾಜ ವಿಜ್ಞಾನ ಶಾಲೆಯಲ್ಲಿರುವ ಸೆಂಟರ್ ಫಾರ್ ಪೊಲಿಟಿಕಲ್ ಸ್ಟಡೀಸ್‌ನ ಎಂ.ಎ. ಒಂದು. ಸಿದ್ಧಾಂತ, ಭಾರತದ ರಾಜಕೀಯ ಓದಲು ಅದು. ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್‌ನದು ಇನ್ನೊಂದು. ವಿದೇಶಾಂಗ, ಯುದ್ಧ, ಒಪ್ಪಂದ ಅಂತ ಆಸಕ್ತಿ ಇದ್ದವರು ಅಲ್ಲಿಗೆ. ಬೋಧನಾ ಶುಲ್ಕ ವರ್ಷಕ್ಕೆ ನೂರರ ಲೆಕ್ಕದಲ್ಲಿ ಇದೆ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನಿಜವಾದ ಖರ್ಚು ಮೆಸ್ಸಿನದು, ಚಳಿಗಾಲದ ರಜಾಯಿಯದು, ರೈಲಿನದು. ಹಾಸ್ಟೆಲ್ ಸಿಗುವವರೆಗಿನ ಒಂದೆರಡು ತಿಂಗಳು ಕೈಯಲ್ಲಿ ದುಡ್ಡಿರಬೇಕು. ಕನ್ನಡದ ವಾತಾವರಣ ತೀರಾ ಇಲ್ಲ ಅಂತೇನಿಲ್ಲ. ಕ್ಯಾಂಪಸ್ಸಿನಲ್ಲಿ ಕನ್ನಡ ಪೀಠವಿದೆ. ಅಲ್ಲಿಂದ ದೂರವಲ್ಲದ ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘವಿದೆ.

ದೆಹಲಿ ವಿಶ್ವವಿದ್ಯಾಲಯದ ವಿಭಾಗ ದೊಡ್ಡದು, ಹೆಸರೂ ದೊಡ್ಡದು. ಆದರೆ ಎಲ್ಲರಿಗೂ ಹಾಸ್ಟೆಲ್ ಸಿಗುವುದಿಲ್ಲ. ನಾರ್ತ್ ಕ್ಯಾಂಪಸ್ ಸುತ್ತ ಪೇಯಿಂಗ್ ಗೆಸ್ಟ್ ಬಾಡಿಗೆ ಕಟ್ಟಲು ಮನೆಯವರಿಗೆ ಆಗುತ್ತದೆಯೇ ಅನ್ನುವುದರ ಮೇಲೆ ನಿರ್ಧಾರ ಮಾಡಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ ರೈಲಿನಲ್ಲೇ. ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಮಾರನೇ ದಿನ ಮನೆಯಲ್ಲಿರಲು ಆಗದು. ಇದು ಸಣ್ಣ ವಿಷಯ ಅಂತ ಇಪ್ಪತ್ತೊಂದನೇ ವಯಸ್ಸಿನಲ್ಲಿ ಅನ್ನಿಸುತ್ತದೆ.

ನನ್ನ ಮೆಚ್ಚಿನದು ಹೈದರಾಬಾದ್. 1974ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ, ಗಚ್ಚಿಬೌಲಿಯಲ್ಲಿ ಕಾಡಿನಂಥ ಕ್ಯಾಂಪಸ್. ಬೀದರ್, ಕಲಬುರಗಿ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹತ್ತಿರ. ಊಟ, ಹವೆ ಒಗ್ಗುತ್ತದೆ. ಹಿಂದಿ ಬಾರದವರು ಹಿಂಜರಿಯುವ ಅಗತ್ಯವೂ ಕಡಿಮೆ. ದೆಹಲಿಯ ಹೆಸರಿಗೆ ಮರುಳಾದವರು ಇದನ್ನು ಅರ್ಜಿಯಲ್ಲೇ ಸೇರಿಸುವುದಿಲ್ಲ, ಅದು ನನಗೆ ಬೇಜಾರು.

ಇಲ್ಲೆಲ್ಲ ಪಾಠದ ರೀತಿ ಬೇರೆ. ನಮ್ಮಲ್ಲಿ ಸೆಮಿಸ್ಟರ್ ಕೊನೆಯ ಪರೀಕ್ಷೆಯದ್ದೇ ಜಾಸ್ತಿ ತೂಕ. ನೋಟ್ಸ್ ಚೆನ್ನಾಗಿದ್ದರೆ ದಡ ಸೇರಬಹುದು. ಅಲ್ಲಿ ಟರ್ಮ್ ಪೇಪರ್, ಸೆಮಿನಾರ್ ಅಂತ ಸೆಮಿಸ್ಟರ್ ಪೂರ್ತಿ ಬರೆಯುತ್ತಲೇ ಇರಬೇಕು. ಕಾಂಗ್ರೆಸ್ ವ್ಯವಸ್ಥೆಯ ಬಗ್ಗೆ ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ 1964ರಲ್ಲಿ ಬರೆದ ಲೇಖನವನ್ನು ನಾವು ಗೈಡಿನಲ್ಲಿ ಅರ್ಧ ಪುಟದ ಸಾರಾಂಶವಾಗಿ ಓದಿದೆವು. ಅಲ್ಲಿ ಮೂಲವನ್ನೇ ಕೈಗೆ ಕೊಟ್ಟು, ಮುಂದಿನ ವಾರ ಇದರಲ್ಲಿ ಏನು ತಪ್ಪಿದೆ ಹೇಳು ಅನ್ನುತ್ತಾರೆ. ಮೊದಲ ಸೆಮಿಸ್ಟರ್ ಕನ್ನಡ ಮಾಧ್ಯಮದವರಿಗೆ ಕಷ್ಟ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡನೆಯದರಲ್ಲಿ ಕಾಲು ನೆಲಕ್ಕೆ ತಾಗುತ್ತದೆ. ಹೋಗಿ ಬಂದವರು ಎಲ್ಲರೂ ಇದನ್ನೇ ಹೇಳಿದ್ದಾರೆ.

ಮನೆಯಲ್ಲಿದ್ದೇ ಓದುವವರಿಗೆ

ಕೆಲಸದಲ್ಲಿರುವವರು, ಮದುವೆಯಾಗಿ ಮನೆ ನೋಡಿಕೊಳ್ಳುವವರು, ಅಂಗಡಿ ಇಟ್ಟವರು ಈ ದಾರಿ ಹಿಡಿಯುತ್ತಾರೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿಯೇ ಹೇಳಿದೆ. ನೆಟ್, ಕೆ-ಸೆಟ್ ಎಲ್ಲಕ್ಕೂ ನಡೆಯುತ್ತದೆ.

ಕೆಎಸ್‌ಒಯು 1996ರಲ್ಲಿ ಮೈಸೂರಿನಲ್ಲಿ ಶುರುವಾಯಿತು. ನಡುವೆ ಕೆಲವು ವರ್ಷ ಅದರ ಮಾನ್ಯತೆ ಹೋಗಿತ್ತು, 2018ರಲ್ಲಿ ಮತ್ತೆ ಸಿಕ್ಕಿತು. ಆ ವರ್ಷಗಳಲ್ಲಿ ಸೇರಿದವರ ಪಾಡು ನೋಡಿದ ಮೇಲೆ ನಾನು ಎಲ್ಲರಿಗೂ ಹೇಳುವುದು: ಯಾವುದೇ ದೂರಶಿಕ್ಷಣಕ್ಕೆ ದುಡ್ಡು ಕಟ್ಟುವ ದಿನ, ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟ್‌ನಲ್ಲಿ ಆ ವರ್ಷದ ಪಟ್ಟಿ ತೆರೆದು ವಿಶ್ವವಿದ್ಯಾಲಯದ ಹೆಸರಿನ ಜೊತೆಗೆ ಕೋರ್ಸಿನ ಹೆಸರನ್ನೂ ನೋಡಿ. ಐದು ನಿಮಿಷದ ಕೆಲಸ.

ಕನ್ನಡದಲ್ಲಿ ಬರೆಯಬೇಕು, ಕೆ-ಸೆಟ್ ಗುರಿ, ಸಂಜೆ ಎರಡು ಗಂಟೆ ಸಿಗುತ್ತದೆ ಅಂದರೆ ಕೆಎಸ್‌ಒಯು. ಇಂಗ್ಲಿಷ್ ಓದಬಲ್ಲೆ, ಡಿಗ್ರಿ ಬೇರೆ ವಿಷಯದಲ್ಲಿ ಅಂದರೆ ಇಗ್ನೋ. ಯಾವ ಪದವಿ ಇದ್ದರೂ ಇಗ್ನೋದ ರಾಜ್ಯಶಾಸ್ತ್ರ ಎಂ.ಎ.ಗೆ ಸೇರಬಹುದು, ಪ್ರವೇಶ ಪರೀಕ್ಷೆ ಇಲ್ಲ. ಜನವರಿ, ಜುಲೈ ಎರಡು ಸಲ ಪ್ರವೇಶ. ಜೂನ್, ಡಿಸೆಂಬರ್‌ನಲ್ಲಿ ಪರೀಕ್ಷೆ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದೊಳಗೆ ಮುಗಿಸಬಹುದು. ಅಸೈನ್‌ಮೆಂಟಿಗೆ 30%, ಪರೀಕ್ಷೆಗೆ 70%. ಅಸೈನ್‌ಮೆಂಟ್ ಕೈಯಲ್ಲಿ ಬರೆಯುವಾಗ ಬೇಜಾರಾಗುತ್ತೆ. ಆದರೆ ಬಹಳ ಜನ ಎಡವುವುದು ಅಲ್ಲೇ, ಪರೀಕ್ಷೆಯಲ್ಲಿ ಅಲ್ಲ.

ಇನ್ನೊಂದು ಗುಟ್ಟು: ಇಗ್ನೋದ ಪಾಠಗಳೆಲ್ಲ ಅದರ ಇ-ಜ್ಞಾನಕೋಶ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೈಸೂರಿಗೆ ಸೇರಿದರೂ, ಧಾರವಾಡಕ್ಕೆ ಸೇರಿದರೂ ಇವನ್ನು ಇಳಿಸಿಕೊಳ್ಳಿ. ನನ್ನ ನೆಟ್ ಪಾಸಾದದ್ದು ಎರಡನೇ ಸಲ, ಈ ಪುಸ್ತಕಗಳಿಂದಲೇ. ಮನೆಯಲ್ಲಿ ಓದುವುದರ ಕಷ್ಟ ಒಂದೇ, ಜೊತೆಗೆ ಜಗಳ ಆಡಲು ಯಾರೂ ಇರುವುದಿಲ್ಲ. ರಾಜ್ಯಶಾಸ್ತ್ರ ಅರ್ಧ ಕಲಿಯುವುದು ಹಾಸ್ಟೆಲ್ ಕೋಣೆಯ ಜಗಳದಲ್ಲಿ.

ಪಬ್ಲಿಕ್ ಪಾಲಿಸಿಯ ಕವಲು

ಬೆಂಗಳೂರಿನ ನಾಗರಭಾವಿಯ ಕಾನೂನು ಶಾಲೆಯಲ್ಲಿ 2014ರಿಂದ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಇದೆ. ಅದಕ್ಕೆ ಅವರದೇ ಪರೀಕ್ಷೆ, ಶುಲ್ಕ ಜಾಸ್ತಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ವಿಷಯದ ಎಂ.ಎ. ಇದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಸಂಸ್ಥೆಗಳಲ್ಲಿ, ಸರ್ಕಾರದ ಯೋಜನೆಗಳಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಇವು ಚೆನ್ನ. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಬೇಕು ಅಂದರೆ ಇವಕ್ಕೆ ಹೋಗಬೇಡಿ. ಅಲ್ಲಿ ರಾಜ್ಯಶಾಸ್ತ್ರದ್ದೇ ಎಂ.ಎ. ಕೇಳುತ್ತಾರೆ.

ಮುಗಿದ ಮೇಲೆ

ಪಿಯು ಉಪನ್ಯಾಸಕರಾಗಲು 55% ಎಂ.ಎ. ಜೊತೆಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್. ಕೆ-ಸೆಟ್ ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ, ನೆಟ್ ಎಲ್ಲೆಡೆ. ಎರಡಕ್ಕೂ ಎಂ.ಎ.ಯಲ್ಲಿ 55% ಇರಲೇಬೇಕು, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 50%. ಈ ಅಂಕವನ್ನು ದುಂಡಗೆ ಮಾಡುವುದಿಲ್ಲ. 54.8 ಅಂದರೆ 54.8, ಅದು 55 ಆಗುವುದಿಲ್ಲ. ನನ್ನ ಸಹಪಾಠಿ ಒಬ್ಬ ಇದೇ ಕಾರಣಕ್ಕೆ ಎರಡು ಪತ್ರಿಕೆ ಮತ್ತೆ ಬರೆದ. ಹಾಗಾಗಿ ಮೊದಲ ಸೆಮಿಸ್ಟರ್ ಅಂಕವನ್ನು "ಮುಂದೆ ನೋಡ್ಕೊಂಡ್ರಾಯ್ತು" ಅಂತ ಬಿಡಬೇಡಿ. ನೆಟ್‌ನಲ್ಲೂ ಕೇಂದ್ರದ ಪಟ್ಟಿಯ ಒಬಿಸಿಯೇ ಲೆಕ್ಕಕ್ಕೆ ಬರುವುದು. ಇಲ್ಲಿ 3ಎ ಅಥವಾ 3ಬಿ ಅಂತ ಇದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದವರಿಗೆ ಅಲ್ಲಿ 55%ಯೇ ಬೇಕು.

ಐಎಎಸ್ ಕನಸಿನವರು ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧ ಅನ್ನುವ ಐಚ್ಛಿಕ ವಿಷಯ ಆರಿಸಿಕೊಳ್ಳಬಹುದು. ಎರಡು ಪತ್ರಿಕೆ, 500 ಅಂಕ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕೆಎಎಸ್‌ನಲ್ಲಿ ಐಚ್ಛಿಕ ವಿಷಯವನ್ನೇ ತೆಗೆದುಹಾಕಿದ್ದಾರೆ. ಬರೀ ಕೆಎಎಸ್‌ಗಾಗಿ ಎಂ.ಎ. ಮಾಡುತ್ತೇನೆ ಅಂತ ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಹಾಸ್ಟೆಲ್ ಸಿಗುತ್ತೆ, ಲೈಬ್ರರಿ ಸಿಗುತ್ತೆ, ಅದಕ್ಕೇ ಸೇರುತ್ತೇನೆ ಅಂದರೆ ಅದು ಬೇರೆ ಮಾತು. ಸುಮಾರು ಜನ ಹಾಗೆಯೇ ಸೇರುವುದು, ಅಲ್ವಾ?

ನಾಲ್ಕು ವರ್ಷದ ಆನರ್ಸ್ ಮುಗಿಸಿದವರಿಗೆ ಒಂದು ವರ್ಷದ ಮಾಸ್ಟರ್ಸ್ ಸಾಕು ಅಂತ ಯುಜಿಸಿ 2024ರಲ್ಲಿ ಚೌಕಟ್ಟು ಹೊರಡಿಸಿದೆ. ಕರ್ನಾಟಕ 2024-25ರಿಂದ ಮೂರು ವರ್ಷದ ಡಿಗ್ರಿಗೆ ಮರಳಿರುವುದರಿಂದ ಈಗ ಡಿಗ್ರಿಗೆ ಸೇರಿದವರಿಗೆ ಎರಡು ವರ್ಷದ ಎಂ.ಎ.ಯೇ ಗತಿ.

ಕೊನೆಗೆ ನಾನು ಏನು ಹೇಳಿದೆ

ತಿಪಟೂರಿನ ಕಡೆಯ ಒಬ್ಬ ಹುಡುಗಿ ಹೋದ ವರ್ಷ ಬಂದಿದ್ದಳು. ಅಪ್ಪ ಕೊಬ್ಬರಿ ವ್ಯಾಪಾರ. ಬಿ.ಎ.ಯಲ್ಲಿ ಕಾಲೇಜಿಗೇ ಮೊದಲು. ಎಲ್ಲ ಪರೀಕ್ಷೆ ಕನ್ನಡದಲ್ಲಿ ಬರೆದವಳು. ಉಪನ್ಯಾಸಕಿ ಆಗಬೇಕು. ಜೆಎನ್‌ಯು ಅನ್ನುವ ಹೆಸರು ಮೊಬೈಲಿನಲ್ಲಿ ನೋಡಿ ಮನಸ್ಸಿಗೆ ಹತ್ತಿತ್ತು.

ನಾನು ಅವಳಿಗೆ ಸಿಯುಇಟಿ ಬರೆಯಲು ಹೇಳಿದೆ. ಬರೆದು ನೋಡುವುದರಿಂದ ಅರ್ಜಿಯ ದುಡ್ಡು ಬಿಟ್ಟರೆ ನಷ್ಟವಿಲ್ಲ. ಹೈದರಾಬಾದನ್ನೂ ಸೇರಿಸು ಅಂದೆ. ರಾಜ್ಯದ ವಿಶ್ವವಿದ್ಯಾಲಯದ ಅರ್ಜಿಯನ್ನು ಯಾವ ಕಾರಣಕ್ಕೂ ಬಿಡಬೇಡ ಅಂದೆ. ಸಿಯುಇಟಿಯಲ್ಲಿ ಅಂಕ ಪರವಾಗಿಲ್ಲ ಅನ್ನುವಷ್ಟು ಬಂತು, ದೆಹಲಿಗೆ ಸಾಲಲಿಲ್ಲ. ಹೈದರಾಬಾದಿನ ಕಾಯುವ ಪಟ್ಟಿಯಲ್ಲಿ ಹೆಸರಿತ್ತು, ಮುಂದೆ ಸರಿಯಲಿಲ್ಲ. ಮಾನಸಗಂಗೋತ್ರಿಯಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಮನಸ್ಸಿನಲ್ಲಿ ಸ್ವಲ್ಪ ಬೇಜಾರಿನಿಂದಲೇ ಹೋದಳು.

ಮೊನ್ನೆ ಸಂಜೆ ಫೋನ್ ಮಾಡಿದ್ದಳು. ಆಂತರಿಕ ಪರೀಕ್ಷೆ ಹತ್ತಿರ ಬಂದಿದೆಯಂತೆ. "ಸಾರ್, ಒಬ್ಬರು ಮೇಡಂ ಪ್ರಭುತ್ವ ಅಂತಾರೆ, ಪುಸ್ತಕದಲ್ಲಿ ರಾಜ್ಯ ಅಂತಿದೆ. ಯಾವುದು ಬರೀಲಿ?" ಪ್ರಭುತ್ವ ಅಂತ ಬರಿ, ಮೊದಲ ಸಲ ಬಂದಾಗ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಹಾಕು ಅಂದೆ. ಅದನ್ನೇ ನೋಟ್‌ಬುಕ್ಕಿನ ಬಲಗಡೆಗೂ ಬರೆದುಕೋ ಅನ್ನುವಷ್ಟರಲ್ಲಿ ಅವಳೇ ಹೇಳಿದಳು: "ಬರ್ಕೊಂಡೆ ಸಾರ್, ನಲವತ್ತನೇ ಪುಟ."